ಮೊಲೆತೊಟ್ಟು ಉಳಿಸಿ ಸ್ತನ ಮರುನಿರ್ಮಾಣ: ಮೊದಲು ಕೇಳಬೇಕಾದ್ದು, ಆಮೇಲೆ ಗಮನಿಸಬೇಕಾದ್ದು

ಸ್ತನ ಕ್ಯಾನ್ಸರ್ ಇದ್ದಾಗ ಅಥವಾ ಅದು ಬರುವ ಅಪಾಯ ಹೆಚ್ಚಿದ್ದಾಗ ಮಾಡುವ ಈ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಒಳಗಿನ ಗ್ರಂಥಿಯನ್ನು ತೆಗೆದು ಚರ್ಮವನ್ನೂ ತೊಟ್ಟನ್ನೂ ಉಳಿಸಿ, ಒಳಗೆ ಹೊಸದಾಗಿ ಸ್ತನದ ಆಕಾರ ಕಟ್ಟುತ್ತಾರೆ. ಗ್ರಂಥಿಯೊಳಗಿಂದ ಬರುತ್ತಿದ್ದ ರಕ್ತನಾಳಗಳೂ ಅದರ ಜೊತೆಗೇ ಹೋಗುತ್ತವೆ. ತೊಟ್ಟು ಬದುಕಬೇಕಾದ್ದು ಚರ್ಮದಡಿಯ ಸಣ್ಣ ನಾಳಗಳ ಬಲದಿಂದ. ಶುರುವಿನ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ, ಹಾಗಾಗಿ ತಯಾರಿಯೂ ಇಲ್ಲಿಂದಲೇ ಶುರುವಾಗಬೇಕು.

ನಿಕೋಟಿನ್ ಈ ನಾಳಗಳನ್ನು ಕುಗ್ಗಿಸುತ್ತದೆ. ಶಸ್ತ್ರಚಿಕಿತ್ಸೆಗೆ ಕನಿಷ್ಠ 4 ವಾರ ಮೊದಲು ಮತ್ತು 4 ವಾರ ನಂತರ ಅದು ಪೂರ್ತಿ ಬಂದ್ ಆಗಬೇಕು. ಸಿಗರೇಟು ಮಾತ್ರವಲ್ಲ, ಜಗಿಯುವ ತಂಬಾಕು, ವೇಪ್, ನಿಕೋಟಿನ್ ಗಮ್ ಕೂಡ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಮೊದಲೇ ರೇಡಿಯೇಶನ್ ಆಗಿದ್ದರೆ, ತೂಕ ಹೆಚ್ಚಿದ್ದರೆ, ಸ್ತನ ದೊಡ್ಡದಿದ್ದು ಜೋತುಬಿದ್ದಿದ್ದರೆ ಅಪಾಯ ಏರುತ್ತದೆ. ಅಂಥವರಿಗೆ ಕೆಲವೊಮ್ಮೆ ಮೊದಲು ಗಾತ್ರ ಇಳಿಸಿ, ಕೆಲವು ತಿಂಗಳ ನಂತರ ಗ್ರಂಥಿ ತೆಗೆಯುತ್ತಾರೆ.

ಎಲ್ಲಿ ಕೊಯ್ಯುತ್ತೀರಿ ಎಂದು ಸರ್ಜನ್‌ರನ್ನು ಕೇಳಿ. ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ದರೆ ತೊಟ್ಟಿನ ರಕ್ತಸಂಚಾರಕ್ಕೆ ಪೆಟ್ಟು ಕಡಿಮೆ. ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಯ್ದರೆ ತೊಟ್ಟು ಸಾಯುವ ಸಾಧ್ಯತೆ ಜಾಸ್ತಿ. ತೊಟ್ಟಿನ ಹಿಂದಿನ ಅಂಗಾಂಶವನ್ನು ಬಯಾಪ್ಸಿಗೆ ಕಳಿಸುತ್ತಾರೆ. ಅದರಲ್ಲಿ ಕ್ಯಾನ್ಸರ್ ಸಿಕ್ಕರೆ ತೊಟ್ಟನ್ನು ತೆಗೆಯಬೇಕಾಗಬಹುದು, ಆ ಮಾತು ಮೊದಲೇ ಆಗಿರಲಿ.

ಒಂದೇ ಸಲಕ್ಕೆ ಪೂರ್ತಿ ಗಾತ್ರದ ಇಂಪ್ಲಾಂಟ್ (ಸ್ತನದ ಆಕಾರಕ್ಕಾಗಿ ಒಳಗಿಡುವ ಕೃತಕ ಚೀಲ) ಇಟ್ಟರೆ ಆಸ್ಪತ್ರೆಯ ಓಡಾಟ ಕಡಿಮೆಯಾಗುತ್ತದೆ, ಆದರೆ ತೆಳುವಾದ ಚರ್ಮದ ಮೇಲೆ ಒತ್ತಡ ಬೀಳುತ್ತದೆ. ರಕ್ತಸಂಚಾರದ ಬಗ್ಗೆ ಅನುಮಾನವಿದ್ದರೆ ಎಕ್ಸ್‌ಪಾಂಡರ್ (ಚರ್ಮವನ್ನು ನಿಧಾನವಾಗಿ ಹಿಗ್ಗಿಸುವ, ಆಮೇಲೆ ಇಂಪ್ಲಾಂಟ್‌ಗೆ ಬದಲಿಸುವ ತಾತ್ಕಾಲಿಕ ಚೀಲ) ಇಟ್ಟು, ಗಾಯ ಮಾಗಿದ ಮೇಲೆ ಪ್ರತಿ ಭೇಟಿಯಲ್ಲಿ ಸುಮಾರು 50ರಿಂದ 100 ಮಿ.ಲೀ. ಸಲೈನ್ (ಉಪ್ಪುನೀರಿನ ದ್ರಾವಣ) ತುಂಬುವುದು ಜಾಣತನ. ಹೊಟ್ಟೆಯ ಕೊಬ್ಬು-ಚರ್ಮದಿಂದ ಕಟ್ಟಿದ ಸ್ತನ ಮೆತ್ತಗೆ, ಸಹಜವಾಗಿ ಇರುತ್ತದೆ, ರೇಡಿಯೇಶನ್ ಆದವರಿಗೆ ಸಾಮಾನ್ಯವಾಗಿ ಇಂಪ್ಲಾಂಟ್‌ಗಿಂತ ಚೆನ್ನಾಗಿ ಹೊಂದುತ್ತದೆ. ಅದಕ್ಕೆ ಉದ್ದನೆಯ ಶಸ್ತ್ರಚಿಕಿತ್ಸೆ ಬೇಕು, ಹೊಟ್ಟೆಯ ಮೇಲೂ ಗಾಯವಾಗುತ್ತದೆ. ಹೊಟ್ಟೆಯಿಂದ ತಂದ ಅಂಗಾಂಶದ ರಕ್ತನಾಳವನ್ನು ಎದೆಯ ನಾಳಕ್ಕೆ ಜೋಡಿಸಿದ್ದಾಗ, ಅದು ಕಟ್ಟಿಕೊಂಡರೆ ಅದೇ ದಿನ ಮತ್ತೆ ಥಿಯೇಟರ್‌ಗೆ ಒಯ್ಯಬೇಕಾದೀತು.

ಮನೆಗೆ ಬಂದ ಮೇಲೆ ದಿನಾ ಅದೇ ಬೆಳಕಿನಲ್ಲಿ ತೊಟ್ಟಿನ ಬಣ್ಣ ನೋಡಿ, ಫೋಟೊ ತೆಗೆದಿಡಿ. ಮೊದಲ ದಿನಗಳಲ್ಲಿ ತೊಟ್ಟು ನೇರಳೆಗೆ ತಿರುಗಿ, ಗುಳ್ಳೆ ಎದ್ದು, ಮೇಲಿನ ಪದರ ಸುಲಿದು, ಕೆಲವು ವಾರಗಳಲ್ಲಿ ಅಡಿಯಿಂದ ಹೊಸ ಚರ್ಮ ಬರುವುದುಂಟು. ಇದನ್ನು ಕಂಡು ತೊಟ್ಟು ಹೋಯಿತೆಂದು ಎದೆಗುಂದಬೇಡಿ, ಫೋಟೊ ಮಾತ್ರ ಡಾಕ್ಟರಿಗೆ ತೋರಿಸಿ. ಕಪ್ಪಾಗಿ, ಒಣಗಿ, ಗಟ್ಟಿ ಹೆಕ್ಕಳೆಯಂತಾದರೆ ಪೂರ್ತಿ ದಪ್ಪದ ಚರ್ಮ ಸತ್ತಿರಬಹುದು. ಅದನ್ನು ನೀವೇ ಕೀಳಬೇಡಿ, ಅಡಿಯಲ್ಲಿ ಇಂಪ್ಲಾಂಟ್ ಇರುತ್ತದೆ.

ಡ್ರೈನ್‌ನಲ್ಲಿ (ಗಾಯದೊಳಗಿನ ದ್ರವವನ್ನು ಹೊರಗೆ ಹರಿಸುವ ಕೊಳವೆ) 24 ಗಂಟೆಗೆ ಎಷ್ಟು ಮಿ.ಲೀ. ಬಂತೆಂದು ಬರೆದಿಡಿ. ಸತತ ಎರಡು ದಿನ 30ಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಬೇಗ ತೆಗೆದರೆ ಒಳಗೆ ನೀರು ತುಂಬುತ್ತದೆ, ತೀರಾ ತಡಮಾಡಿದರೆ ಕೊಳವೆಯ ದಾರಿಯಲ್ಲೇ ಸೋಂಕು ಒಳಹೊಗಬಹುದು.

ಮೊದಲ ಒಂದೆರಡು ದಿನಗಳಲ್ಲಿ ಒಂದು ಬದಿ ದಿಢೀರನೆ ಊದಿ ಬಿಗಿದರೆ, ಡ್ರೈನ್‌ನಲ್ಲಿ ಕೆಂಪು ರಕ್ತ ಬೇಗಬೇಗ ತುಂಬಿದರೆ ಬೆಳಗಾಗಲೆಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಹರಡುವ ಕೆಂಪು, ದುರ್ವಾಸನೆಯ ಸ್ರಾವ ಸೋಂಕಿನ ಲಕ್ಷಣ. ಇದು ವಾರಗಳ ನಂತರವೂ ಬರಬಹುದು. ಆ್ಯಂಟಿಬಯಾಟಿಕ್‌ಗೆ ಬಗ್ಗದಿದ್ದರೆ ಇಂಪ್ಲಾಂಟ್ ತೆಗೆದು, ತಿಂಗಳುಗಟ್ಟಲೆ ಕಾದು ಮತ್ತೆ ಇಡಬೇಕಾಗುತ್ತದೆ.

ತೊಟ್ಟು ಉಳಿದರೂ ಸ್ಪರ್ಶಜ್ಞಾನ ಬಹುಮಟ್ಟಿಗೆ ಹೋಗಿರುತ್ತದೆ. ಇದನ್ನು ಮೊದಲೇ ಬಿಡಿಸಿ ಹೇಳದಿರುವುದು ತಪ್ಪು. ಬಿಸಿನೀರಿನ ಚೀಲ, ಐಸ್ ಎರಡನ್ನೂ ಅಲ್ಲಿ ಇಡಬೇಡಿ. ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಇಂಪ್ಲಾಂಟ್ ಸುತ್ತಲಿನ ಪೊರೆ ವರ್ಷಗಳಲ್ಲಿ ಬಿಗಿದು ಸ್ತನ ಗಟ್ಟಿಯಾಗಬಹುದು, ರೇಡಿಯೇಶನ್ ಆದವರಲ್ಲಿ ಇದು ಹೆಚ್ಚು. ಸಿಲಿಕೋನ್ ಇಂಪ್ಲಾಂಟ್ ಒಳಗೇ ಒಡೆದರೆ ಹೊರಗೆ ಏನೂ ಕಾಣದಿರಬಹುದು. ಅದಕ್ಕೇ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಇಂಪ್ಲಾಂಟ್ ಇಟ್ಟ 5-6 ವರ್ಷಕ್ಕೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ನಂತರ 2-3 ವರ್ಷಕ್ಕೊಮ್ಮೆ ಮಾಡಿಸಲು ಹೇಳುತ್ತದೆ. ಒರಟು ಮೇಲ್ಮೈಯ ಇಂಪ್ಲಾಂಟ್ ಇರುವವರಿಗೆ ವರ್ಷಗಳ ನಂತರ ಊತ ಬಂದರೆ ಒಳಗಿನ ದ್ರವ ತೆಗೆದು ಪರೀಕ್ಷಿಸಲೇಬೇಕು, ಅಪರೂಪದ ಲಿಂಫೋಮಾ (ರೋಗನಿರೋಧಕ ಜೀವಕೋಶಗಳ ಕ್ಯಾನ್ಸರ್) ಹೀಗೆ ಕಾಣಿಸಿಕೊಳ್ಳುತ್ತದೆ. ಇಂಪ್ಲಾಂಟ್‌ನ ಮಾದರಿ, ಸೀರಿಯಲ್ ನಂಬರ್ ಇರುವ ಕಾರ್ಡನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿ ಪಡೆಯಿರಿ.