ತಾಲ್ಲೂಕು ಆಸ್ಪತ್ರೆಗೆ ಹೊಸ ಯಂತ್ರ: ಬೇಡಿಕೆ ಪತ್ರದಿಂದ ವಿಲೇವಾರಿಯವರೆಗೆ

ಸರ್ಕಾರಿ ಆಸ್ಪತ್ರೆಗೆ ಉಪಕರಣ ತರಿಸುವುದೆಂದರೆ ಟೆಂಡರ್ ಕರೆಯುವುದು ಎಂದೇ ಹಲವರು ಭಾವಿಸುತ್ತಾರೆ. ಆದರೆ ಯಂತ್ರವು ರೋಗಿಗೆ ಒದಗುತ್ತದೆಯೋ, ಪೆಟ್ಟಿಗೆಯನ್ನೂ ಬಿಚ್ಚದೆ ಉಗ್ರಾಣದಲ್ಲಿ ಉಳಿಯುತ್ತದೆಯೋ ಎಂಬುದು ಬಹುಮಟ್ಟಿಗೆ ಅದಕ್ಕೂ ಮೊದಲು ಬರೆಯುವ ಬೇಡಿಕೆ ಪತ್ರದಲ್ಲೇ ತೀರ್ಮಾನವಾಗಿರುತ್ತದೆ. ಆಡಳಿತ ವೈದ್ಯಾಧಿಕಾರಿಗಳೂ ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರೂ ಹೆಚ್ಚು ಸಮಯ ಕೊಡಬೇಕಾದದ್ದು ಅಲ್ಲಿಗೇ.

ಮೊದಲು ಇರುವುದನ್ನು ಎಣಿಸಬೇಕು. ದಾಸ್ತಾನು ವಹಿಯನ್ನು ಕೈಯಲ್ಲಿ ಹಿಡಿದು ವಾರ್ಡು, ಪ್ರಯೋಗಾಲಯ, ಹೆರಿಗೆ ಕೊಠಡಿಗಳನ್ನು ಸುತ್ತಿ, ಪ್ರತಿ ಉಪಕರಣದ ಮಾದರಿ, ಕ್ರಮಸಂಖ್ಯೆ, ವಾರಂಟಿ ಮುಗಿಯುವ ದಿನ ಮತ್ತು ಸದ್ಯದ ಸ್ಥಿತಿಯನ್ನು ಬರೆದುಕೊಳ್ಳಬೇಕು. ಕೇವಲ ಬ್ಯಾಟರಿ ಹಾಳಾಗಿ ಮೂಲೆ ಸೇರಿದ ಮಾನಿಟರ್ ಇರುವಾಗ ಹೊಸ ಮಾನಿಟರ್ ಕೇಳುವುದು ಸರಿಯಲ್ಲ.

ಬಳಿಕ ಬೇಡಿಕೆ ಪತ್ರ. ಯಂತ್ರವನ್ನು ನಡೆಸುವ ತಂತ್ರಜ್ಞರ ಹುದ್ದೆ ಭರ್ತಿಯಾಗಿದೆಯೇ, ಇಡುವ ಕೊಠಡಿಯಲ್ಲಿ ಅರ್ಥಿಂಗ್ ಸರಿಯಿದೆಯೇ, ಯುಪಿಎಸ್ ಬೇಕೇ ಎಂಬುದನ್ನು ಅದರಲ್ಲಿಯೇ ನಮೂದಿಸಬೇಕು. ಎಕ್ಸ್-ರೇ ಯಂತ್ರವಾದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಅಲ್ಟ್ರಾಸೌಂಡ್ ಆದರೆ ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿಯಿಲ್ಲದೆ ಬಳಸುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಯಂತ್ರದ ನಿತ್ಯದ ಖರ್ಚು. ರಕ್ತಕಣ ಎಣಿಸುವ ಯಂತ್ರಗಳಲ್ಲಿ ಕೆಲವು ತಮ್ಮದೇ ಕಂಪನಿಯ ರೀಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. ಅಂಥದ್ದನ್ನು ಕಡಿಮೆ ಬೆಲೆಗೆ, ಕೆಲವೊಮ್ಮೆ ದಾನವಾಗಿಯೇ ಪಡೆದರೂ, ಮುಂದೆ ವರ್ಷಗಟ್ಟಲೆ ಆ ರೀಏಜೆಂಟಿಗೆ ತೆರುವ ಹಣ ಯಂತ್ರದ ಬೆಲೆಯನ್ನೇ ಮೀರಬಹುದು. ಆದ್ದರಿಂದ ದಿನಕ್ಕೆ ಎಷ್ಟು ಪರೀಕ್ಷೆ ನಡೆಯುತ್ತದೆ, ಒಂದು ಪರೀಕ್ಷೆಗೆ ಎಷ್ಟು ತಗಲುತ್ತದೆ, ಆ ಹಣ ಬಜೆಟ್ಟಿನ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂಬ ಲೆಕ್ಕವಿಲ್ಲದ ಬೇಡಿಕೆಗೆ ಸಹಿ ಹಾಕದಿರುವುದೇ ಲೇಸು. ದಾನಿಗಳಿಗೂ ಇದೇ ಪ್ರಶ್ನೆ ಕೇಳಬೇಕು, ಮುಜುಗರ ಬೇಡ.

ಖರೀದಿ ಹಂತವು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮಕ್ಕೆ ಒಳಪಟ್ಟಿದ್ದು, ದೊಡ್ಡ ಪ್ರಮಾಣದ ಖರೀದಿಯನ್ನು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ನಡೆಸುತ್ತದೆ. ತಾಂತ್ರಿಕ ವಿವರಣೆಯು ಒಂದೇ ಕಂಪನಿಯ ಕೈಪಿಡಿಯ ನಕಲಿನಂತಿರಬಾರದು. ವಾರಂಟಿಯ ನಂತರದ ನಿರ್ವಹಣಾ ದರವನ್ನೂ ಟೆಂಡರ್‌ನಲ್ಲೇ ಕೇಳಿಟ್ಟುಕೊಳ್ಳಬೇಕು, ಏಕೆಂದರೆ ಆಮೇಲೆ ಚೌಕಾಶಿಗೆ ಅವಕಾಶ ಉಳಿಯುವುದಿಲ್ಲ.

ಯಂತ್ರ ಬಂದ ದಿನ ಪೆಟ್ಟಿಗೆಗಳನ್ನು ಎಣಿಸಿ ಸಹಿ ಮಾಡಿದರೆ ಸಾಲದು. ಅದನ್ನು ಅಳವಡಿಸಿ, ಓಡಿಸಿ ತೋರಿಸಿ, ಬಳಸುವ ಶುಶ್ರೂಷಾಧಿಕಾರಿ ಅಥವಾ ತಂತ್ರಜ್ಞರಿಗೆ ತರಬೇತಿ ಕೊಟ್ಟ ಮೇಲಷ್ಟೇ ಅಳವಡಿಕೆ ವರದಿಗೆ ಸಹಿ ಬೀಳಬೇಕು. ವಾರಂಟಿಯೂ ಅಂದಿನಿಂದಲೇ ಆರಂಭವಾಗುವಂತೆ ಕರಾರಿನಲ್ಲಿ ಮೊದಲೇ ಬರೆದಿರಬೇಕು.

ನಿರ್ವಹಣೆಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ 2015ರಲ್ಲಿ ಆರಂಭವಾದ ಜೀವವೈದ್ಯಕೀಯ ಉಪಕರಣಗಳ ನಿರ್ವಹಣಾ ಕಾರ್ಯಕ್ರಮವು ಗುರಿಗಳನ್ನು ನಿಗದಿಪಡಿಸಿದೆ: ಉಪಕರಣಗಳು ಜಿಲ್ಲಾ ಆಸ್ಪತ್ರೆಯಲ್ಲಿ ಶೇ 95, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಶೇ 90, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶೇ 80ರಷ್ಟು ಸಮಯ ಚಾಲನೆಯಲ್ಲಿರಬೇಕು. ಈ ಲೆಕ್ಕ ನಿಜವಾಗಬೇಕಾದರೆ ದೂರು ಕೊಟ್ಟ ಮತ್ತು ದುರಸ್ತಿಯಾದ ದಿನ, ಗಂಟೆಗಳನ್ನು ಆಸ್ಪತ್ರೆಯೇ ತನ್ನ ವಹಿಯಲ್ಲಿ ದಾಖಲಿಸಬೇಕು. ಸೇವಾ ಕಂಪನಿಯ ವರದಿಯೊಂದನ್ನೇ ನಂಬಿ ಬಿಲ್ ಪಾಸು ಮಾಡಬಾರದು.

ದುರಸ್ತಿಗೆ ಮೀರಿದ ಯಂತ್ರವನ್ನು ಸಮಿತಿಯ ಮುಂದಿಟ್ಟು ನಿರುಪಯುಕ್ತವೆಂದು ಘೋಷಿಸಿ, ದಾಸ್ತಾನು ವಹಿಯಿಂದ ತೆಗೆದು, ಇ-ತ್ಯಾಜ್ಯ ನಿಯಮಗಳಂತೆ ವಿಲೇವಾರಿ ಮಾಡಬೇಕು. ಎಕ್ಸ್-ರೇ ಯಂತ್ರವನ್ನು ಮಾತ್ರ ಗುಜರಿಗೆ ಹಾಕುವ ಮುನ್ನ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಪಡೆಯಲೇಬೇಕು.