ಡಬಲ್ ಬೀನ್ಸ್ ನೆನೆಯಲಿ, ಅವಸರ ಬೇಡ

ಲೈಮಾ ಬೀನ್ಸ್ ಅಂದರೆ ಬೇರೇನೂ ಅಲ್ಲ, ನಮ್ಮ ತರಕಾರಿ ಅಂಗಡಿಯ ಡಬಲ್ ಬೀನ್ಸ್. ಪೆರು ದೇಶದ ಲಿಮಾ ಊರಿನ ಹೆಸರು ಅದಕ್ಕೆ ಅಂಟಿಕೊಂಡಿದೆ. ಪೂರಿ ಜೊತೆ ಸಾಗು ತಿನ್ನುವಾಗ ಪರದೇಶದ ಕಾಳು ಅನ್ನಿಸುವುದೇ ಇಲ್ಲ, ಅಲ್ವಾ?

ಕಾಯಿ ತಂದು ನೀವೇ ಬಿಡಿಸಿದರೆ ಒಳ್ಳೆಯದು. ಬಿಡಿಸಿದ ಕಾಳು ಕೊಳ್ಳುವುದಾದರೆ ಮೂಸಿ ನೋಡಿ. ಒಣಕಾಳನ್ನು ನೆನೆಸಿ ಹಸಿಕಾಳಿನ ಬೆಲೆಗೆ ಮಾರುವವರೂ ಇದ್ದಾರೆ. ಹುಳಿ ವಾಸನೆ ಬಂದರೆ, ಕೈಗೆ ಲೋಳೆ ಅಂಟಿದರೆ ಬೇಡ.

ಕಾಯಿ ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನ ಇರುತ್ತದೆ. ಜಾಸ್ತಿ ಇದ್ದರೆ ಬಿಡಿಸಿ, ಕುದಿಯುವ ನೀರಿನಲ್ಲಿ 3 ನಿಮಿಷ ಹಾಕಿ ತೆಗೆದು, ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಆರಿಸಿ ಫ್ರೀಜರ್‌ಗೆ ಸೇರಿಸಿ. ಒಣಕಾಳಿಗೆ ಬಿಗಿ ಮುಚ್ಚಳದ ಡಬ್ಬ ಸಾಕು. ಆದರೆ ಕಾಳು ತೀರಾ ಹಳೆಯದಾಗಬಾರದು. ಡಬ್ಬದ ತಳದಲ್ಲಿ ಮರೆತುಹೋಗಿದ್ದ ಕಾಳಿಗೆ ನಾನು ಒಮ್ಮೆ ಎಂಟು ವಿಷಲ್ ಕೂಗಿಸಿದ್ದೆ. ಆಮೇಲೂ ಹಲ್ಲಿಗೆ ಕಟಕಟ ಅಂತಿತ್ತು!

ಒಣಕಾಳು 8 ಗಂಟೆ ನೆನೆಯಬೇಕು. ಮೊದಲು ಸಿಪ್ಪೆ ಸುಕ್ಕಾಗುತ್ತದೆ, ಬಹಳ ಹೊತ್ತು ನೀರಲ್ಲಿದ್ದ ಬೆರಳಿನ ಹಾಗೆ. ಅಷ್ಟಕ್ಕೇ ಒಲೆಗೆ ಇಡಬೇಡಿ. ಸುಕ್ಕು ಹೋಗಿ ಕಾಳು ಉಬ್ಬಬೇಕು. ಒಂದನ್ನು ಕತ್ತರಿಸಿ ನೋಡಿ, ನಡುವೆ ಒಣಗಿದ ಬಿಳಿ ಚುಕ್ಕೆ ಇದ್ದರೆ ಇನ್ನೂ ಬಿಡಿ.

ನೆನೆಸಿದ ನೀರು ಚೆಲ್ಲಿ. ಈ ಕಾಳಿನಲ್ಲಿ ಲಿನಾಮರಿನ್ ಅನ್ನುವ ಅಂಶ ಇದೆ, ಹಸಿಯಾಗಿ ತಿಂದರೆ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಚೆನ್ನಾಗಿ ಬೇಯಿಸಿದರೆ ಹೆದರಬೇಕಿಲ್ಲ. ಸುಮ್ನೆ ಒಂದೆರಡು ಹಸಿಕಾಳು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಮಕ್ಕಳಿಗಂತೂ ಕೊಡಲೇಬೇಡಿ.

ಹೊಸ ನೀರಿನಲ್ಲಿ ಮುಚ್ಚಳ ಹಾಕದೆ 10 ನಿಮಿಷ ಕುದಿಸಿ, ನೊರೆ ತೆಗೆಯಿರಿ. ಆಮೇಲೆ ಕುಕ್ಕರ್ ಮುಚ್ಚಿ 2 ವಿಷಲ್. ಎರಡು ಬೆರಳಲ್ಲಿ ಹಿಸುಕಿದರೆ ಕಾಳು ಬೆಣ್ಣೆಯ ಹಾಗೆ ಆಗಬೇಕು. ಹುಣಸೆಹುಳಿ, ಟೊಮೆಟೊ ಅಲ್ಲಿಯವರೆಗೆ ಕಾಯಲಿ. ಹುಳಿ ಬಿದ್ದರೆ ಕಾಳು ಬೇಗ ಬೇಯುವುದಿಲ್ಲ.

ಬೆಂದ 100 ಗ್ರಾಂ ಕಾಳಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನ್, 7 ಗ್ರಾಂ ನಾರು ಇರುತ್ತದೆ. ಪೊಟ್ಯಾಸಿಯಂ 500 ಮಿಲಿಗ್ರಾಂ ಹತ್ತಿರ, ಹಾಗಾಗಿ ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿ ತಿನ್ನಬೇಕು.

ಸಾಗುಗೆ ಕಾಯಿತುರಿ, ಹುರಿಗಡಲೆ, ಹಸಿಮೆಣಸಿನಕಾಯಿ, ಶುಂಠಿ, ಚಕ್ಕೆ, ಲವಂಗ, ಕೊತ್ತಂಬರಿ ಸೊಪ್ಪು ರುಬ್ಬಿ. ಈರುಳ್ಳಿ ಒಗ್ಗರಣೆಗೆ ಅದನ್ನು ಹಾಕಿ, ಹಸಿವಾಸನೆ ಹೋದ ಮೇಲೆ ಕಾಳು ಸೇರಿಸಿ. ಹುರಿಗಡಲೆ ಇರುವುದರಿಂದ ಸಾಗು ಆರಿದಂತೆ ಗಟ್ಟಿಯಾಗುತ್ತದೆ. ಒಲೆಯಿಂದ ಇಳಿಸುವಾಗ ಸ್ವಲ್ಪ ನೀರಾಗಿಯೇ ಇರಲಿ.