ಅಲಗಿನ ಬುಡದಿಂದ ಓದಬೇಕು: ಹಳೆಯ ರಾಜರ್ಸ್ ಚಾಕುಗಳನ್ನು ಸಂಗ್ರಹಿಸುವವರಿಗೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಹಿರಿಯರ ಎಲೆಯಡಿಕೆ ಸಂಚಿಯನ್ನು ಬಿಚ್ಚಿದರೆ, ಸುಣ್ಣದ ಡಬ್ಬಿ ಮತ್ತು ಅಡಕತ್ತರಿಯ ಜೊತೆಗೆ ಕೆಲವೊಮ್ಮೆ ಒಂದು ಮಡಚುವ ಚಾಕು ಸಿಗುತ್ತದೆ. ಅಲಗು ಕಪ್ಪಾಗಿರುತ್ತದೆ, ಹಿಡಿ ಸವೆದಿರುತ್ತದೆ; ಹಿಸ್ಸೆಯಾಗಿ ಮನೆ ಖಾಲಿಯಾಗುವ ಹೊತ್ತಿಗೆ ಅದು ಗುಜರಿಯ ಚೀಲಕ್ಕೆ ಬೀಳುತ್ತದೆ. ಅಂಥದ್ದೊಂದು ಕೈಗೆ ಬಂದಾಗ ಮೊದಲು ಮಾಡಬೇಕಾದ ಕೆಲಸವೆಂದರೆ ಅಲಗನ್ನು ಪೂರ್ತಿ ಬಿಚ್ಚಿ, ಹಿಡಿಗೆ ಸೇರುವ ಕಡೆಯಲ್ಲಿ ಹರಿತವಿಲ್ಲದೆ ಉಳಿದಿರುವ ಚೌಕಾಕಾರದ ಬುಡವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡುವುದು. ಅಲ್ಲಿ ಒಂದು ನಕ್ಷತ್ರವೂ ಅದರ ಪಕ್ಕದಲ್ಲಿ ನಾಲ್ಕು ಕವಲಿನ ಮಾಲ್ಟಾ ಶಿಲುಬೆಯೂ ಕಂಡರೆ, ಅದು ಇಂಗ್ಲೆಂಡಿನ ಷೆಫೀಲ್ಡ್ ಪಟ್ಟಣದ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಸಂಸ್ಥೆಯ ಗುರುತು. ಹಳೆಯ ಚಾಕುಗಳನ್ನು ಸಂಗ್ರಹಿಸಲು ಹೊರಡುವವರು ಎಲ್ಲ ತಯಾರಕರ ಹಿಂದೆ ಹೋಗದೆ, ಮೊದಲ ಕೆಲವು ವರ್ಷ ಈ ಒಂದೇ ಸಂಸ್ಥೆಯ ಗುರುತುಗಳನ್ನು ಕಲಿಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಈ ಸಂಸ್ಥೆ ನಾರ್ಫೋಕ್ ರಸ್ತೆಯ 6ನೇ ನಂಬರಿನ ಕಟ್ಟಡದಿಂದ ಲೋಕಕ್ಕೆಲ್ಲ ಚಾಕುಗಳನ್ನು ಕಳುಹಿಸಿತು; ಆ ವಿಳಾಸವೇ ಎಷ್ಟೋ ಅಲಗುಗಳ ಮೇಲೆ ಅಚ್ಚಾಗಿದೆ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆಯಿಂದ ಅದಕ್ಕೆ ರಾಜಮನ್ನಣೆ ದೊರೆಯಿತು. 1851ರ ಲಂಡನ್ ಮಹಾ ಪ್ರದರ್ಶನಕ್ಕೆಂದು ಅದು ತಯಾರಿಸಿದ 75 ಅಲಗುಗಳ ನಾರ್ಫೋಕ್ ಚಾಕು ಇಂದಿಗೂ ಷೆಫೀಲ್ಡಿನ ಚಾಕು ತಯಾರಕರ ಸಂಘದ ಭವನವಾದ ಕಟ್ಲರ್ಸ್ ಹಾಲ್‌ನಲ್ಲಿದೆ. ನಮ್ಮ ಕೈಗೆ ಬರುವುದು ಅಂಥ ಪ್ರದರ್ಶನದ ವಸ್ತುವಲ್ಲ, ಒಂದೆರಡು ಅಲಗಿನ, ಮೂರು ಮೂರೂವರೆ ಅಂಗುಲದ ಜೇಬಿನ ಚಾಕು. ಆದರೆ ಅದನ್ನೂ ಅದೇ ಪಟ್ಟಣದ ಕುಶಲಕರ್ಮಿಗಳು ಕೈಯಿಂದಲೇ ಅರೆದು, ಜೋಡಿಸಿ, ಸ್ಪ್ರಿಂಗಿನ ಬಿಗಿಯನ್ನು ಹದಗೊಳಿಸಿದ್ದಾರೆ.

ಕಾಲನಿರ್ಣಯಕ್ಕೆ ಮುಖ್ಯ ಆಧಾರ ಬುಡದ ಮೇಲಿನ ಕಿರೀಟ ಮತ್ತು ಅದರ ಎರಡು ಬದಿಯ ಅಕ್ಷರಗಳು. ಕಿರೀಟದ ಒಂದು ಬದಿಗೆ ವಿ, ಇನ್ನೊಂದು ಬದಿಗೆ ಆರ್ ಇದ್ದರೆ ಅದು ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901ರವರೆಗಿನದು. ಇ ಮತ್ತು ಆರ್ ಇದ್ದರೆ ಏಳನೆಯ ಎಡ್ವರ್ಡ್ ದೊರೆಯ 1901ರಿಂದ 1910ರ ಅವಧಿ. ಜಿ ಮತ್ತು ಆರ್ ಕಂಡಾಗ ಮಾತ್ರ ಎಚ್ಚರಿಕೆ ಬೇಕು. ನಾಲ್ಕನೆಯ ಜಾರ್ಜ್ 1830ರಲ್ಲಿ ತೀರಿಕೊಂಡರೆ, ಐದನೆಯ ಜಾರ್ಜ್ ಪಟ್ಟಕ್ಕೆ ಬಂದದ್ದು 1910ರಲ್ಲಿ, ಹಾಗಾಗಿ ಅದೇ ಎರಡು ಅಕ್ಷರಗಳ ನಡುವೆ 80 ವರ್ಷಗಳ ಅಂತರವಿದೆ. ಇಲ್ಲಿ ಇಂಗ್ಲೆಂಡ್ ಎಂಬ ಪದ ನೆರವಿಗೆ ಬರುತ್ತದೆ. ಹೊರದೇಶದ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂಬ ಅಮೆರಿಕದ ಕಾನೂನು 1891ರಲ್ಲಿ ಜಾರಿಗೆ ಬಂದ ಮೇಲೆ ಷೆಫೀಲ್ಡ್ ಎಂಬುದರ ಜೊತೆಗೆ ಇಂಗ್ಲೆಂಡ್ ಎಂದು ಒತ್ತುವುದು ರೂಢಿಯಾಯಿತು. ಆದ್ದರಿಂದ ಜಿ ಆರ್ ಇದ್ದು ಇಂಗ್ಲೆಂಡ್ ಎಂದೂ ಇದ್ದರೆ ಅದು ಬಹುತೇಕ ಇಪ್ಪತ್ತನೆಯ ಶತಮಾನದ್ದು. ತುಕ್ಕು ಹಿಡಿಯದ ಉಕ್ಕೆಂದು ಸೂಚಿಸುವ ಸ್ಟೇನ್‌ಲೆಸ್ ಎಂಬ ಪದವಿದ್ದರಂತೂ ಸಂಶಯವೇ ಇಲ್ಲ, ಏಕೆಂದರೆ ಆ ಉಕ್ಕನ್ನು ಹ್ಯಾರಿ ಬ್ರೆಯರ್ಲಿ ಅದೇ ಷೆಫೀಲ್ಡಿನಲ್ಲಿ ರೂಪಿಸಿದ್ದು 1913ರಲ್ಲಿ. ಇನ್ನು 1682 ಎಂಬ ಸಂಖ್ಯೆಯನ್ನು ನೋಡಿ ಮೋಸಹೋಗಬಾರದು. ಅದು ನಕ್ಷತ್ರ ಮತ್ತು ಶಿಲುಬೆಯ ಗುರುತಿನ ಹಿರಿತನವನ್ನು ಹೇಳುವ ವರ್ಷವೇ ಹೊರತು ಚಾಕು ತಯಾರಾದ ವರ್ಷವಲ್ಲ. ಮುನ್ನೂರು ವರ್ಷದ ಚಾಕು ಎಂದು ನಂಬಿ ಹಣ ಕೊಟ್ಟವರನ್ನು ನಾನು ಕಂಡಿದ್ದೇನೆ.

ಈ ಹೆಸರಿಗಿದ್ದ ಬೆಲೆಯಿಂದಾಗಿ ನಕಲುಗಳೂ ಹಿಂದಿನಿಂದಲೇ ಇವೆ. ರಾಜರ್ಸ್ ಹೆಸರಿನ ಇಂಗ್ಲಿಷ್ ಬರಹದಲ್ಲಿ ನಡುವೆ ಡಿ ಅಕ್ಷರವಿರಬೇಕು. ಅದಿಲ್ಲದ ಅಲಗು ಈ ಸಂಸ್ಥೆಯದಲ್ಲ. ಕಾದ ಉಕ್ಕಿನ ಮೇಲೆ ಅಚ್ಚು ಹೊಡೆದಾಗ ಅಕ್ಷರಗಳು ಆಳವಾಗಿ, ತಳ ತುಸು ಏರುಪೇರಾಗಿ ಮೂಡುತ್ತವೆ, ಉಗುರು ಆಡಿಸಿದರೆ ತಗ್ಗು ತಿಳಿಯುತ್ತದೆ. ಯಂತ್ರದಿಂದ ಈಚೆಗೆ ಕೆರೆದ ಬರಹ ಮೇಲ್ಮೈಯಲ್ಲೇ ಬೂದುಬಣ್ಣಕ್ಕೆ ನಿಂತಿರುತ್ತದೆ. ಅಲ್ಲದೆ ದೊಡ್ಡ ಅಲಗನ್ನು ಮಾತ್ರ ನೋಡಿ ನಿಲ್ಲಿಸಬಾರದು. ಚಿಕ್ಕ ಅಲಗಿನ ಬುಡದಲ್ಲಿಯೂ ಸಂಸ್ಥೆಯ ಹೆಸರು ಚುಟುಕಾಗಿ ಇರುವುದು ವಾಡಿಕೆ. ಒಂದರಲ್ಲಿ ಹೆಸರಿದ್ದು ಇನ್ನೊಂದು ಬೋಳಾಗಿದ್ದರೆ, ಮುರಿದ ಅಲಗಿಗೆ ಬದಲಾಗಿ ಬೇರೆ ಚಾಕುವಿನದನ್ನು ಕೂರಿಸಿರುವ ಸಾಧ್ಯತೆ ಹೆಚ್ಚು.

ಬುಡವನ್ನು ಓದಿಯಾದ ಮೇಲೆ ಅಲಗಿನ ಮೈಯನ್ನು ನೋಡಬೇಕು. ನಮ್ಮ ಅಜ್ಜನ ಚಾಕುವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅದರ ದೊಡ್ಡ ಅಲಗು ಮಸೆದು ಮಸೆದು ನಡುವಿನಲ್ಲಿ ಒಳಕ್ಕೆ ಬಾಗಿದೆ. ಮಡಚಿದಾಗ ಉಗುರು ಸಿಕ್ಕಿಸುವ ಗೀರು ಹಿಡಿಯ ಅಂಚಿನೊಳಗೆ ಅರ್ಧ ಮುಳುಗುತ್ತದೆ. ಚಿಕ್ಕ ಅಲಗನ್ನು ಅವರು ಬಳಸಿದಂತೆಯೇ ಇಲ್ಲ, ಮೂಲ ಹೊಳಪು ಬುಡದ ಹತ್ತಿರ ಇನ್ನೂ ಇದೆ. ಹಿತ್ತಾಳೆಯ ಒಳತಗಡುಗಳ ನಡುವೆ, ಸ್ಪ್ರಿಂಗಿನ ಮೂಲೆಯಲ್ಲಿ, ಗಟ್ಟಿಯಾದ ಸುಣ್ಣದ ಒಂದು ಚೂರು ಕೂತಿದೆ. ಅದನ್ನು ನಾನು ತೆಗೆದಿಲ್ಲ. ದೊಡ್ಡ ಅಲಗಿನ ಮೇಲೆ ನೀಲಿಗಪ್ಪು ಬಣ್ಣದ ತೆಳುಪೊರೆಯಿದೆ. ಅದು ಕೊಳೆಯಲ್ಲ, ತುಕ್ಕೂ ಅಲ್ಲ. ಅಡಿಕೆಯಲ್ಲಿರುವ ಒಗರು, ಅಂದರೆ ಅಡಿಕೆ ಬೇಯಿಸಿದಾಗ ಚೊಗರಿಗೆ ಇಳಿಯುವ ಅದೇ ಟ್ಯಾನಿನ್, ಕಬ್ಬಿಣದೊಡನೆ ಸೇರಿ ಕಟ್ಟಿದ ಪೊರೆ ಅದು. ಹಿಂದೆ ಶಾಯಿ ತಯಾರಿಸುತ್ತಿದ್ದುದೂ ಇದೇ ಕ್ರಿಯೆಯಿಂದ. ಈ ಪೊರೆ ಕೆಂಪು ತುಕ್ಕನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ ಮತ್ತು ಅದನ್ನು ಬಳಸಿದವರ ದಿನಚರಿಯನ್ನು ಉಳಿಸಿಕೊಂಡಿರುತ್ತದೆ.

ಇದನ್ನು ಅರಿಯದೆ ನಾನು ಕೊಂಡ ಮೊದಲ ಚಾಕುವನ್ನು ಸಾಣೆ ಹಿಡಿಯುವವರೊಬ್ಬರಿಗೆ ಕೊಟ್ಟು ಹೊಳೆಯುವಂತೆ ಮಾಡಿಸಿದೆ. ಹತ್ತು ನಿಮಿಷದಲ್ಲಿ ಅಲಗು ಕನ್ನಡಿಯಂತಾಯಿತು, ಬುಡದಲ್ಲಿದ್ದ ಕಿರೀಟದ ಎಡಬದಿಯ ಅಕ್ಷರ ಅಳಿದುಹೋಯಿತು. ಅದು ಯಾವ ದೊರೆಯ ಕಾಲದ್ದೆಂದು ಇನ್ನು ಯಾರೂ ಹೇಳಲಾರರು. ಆದ್ದರಿಂದ ಸಾಣೆಚಕ್ರ, ಉಪ್ಪುಕಾಗದ, ಹಿತ್ತಾಳೆ ಪಾತ್ರೆಗೆ ಹಚ್ಚುವ ಹುಣಸೆಹಣ್ಣು, ನಿಂಬೆಹುಳಿ ಇವು ಯಾವುವೂ ಹಳೆಯ ಚಾಕುವಿನ ಹತ್ತಿರ ಬರಕೂಡದೆಂದು ಒತ್ತಿ ಹೇಳುತ್ತೇನೆ.

ಮಡಚುವಾಗ ಮತ್ತು ಬಿಚ್ಚುವಾಗ ಕಿವಿಗೊಡಬೇಕು. ಸ್ಪ್ರಿಂಗು ಸರಿಯಾಗಿದ್ದರೆ ಅಲಗು ಕೊನೆಯ ಹಂತದಲ್ಲಿ ತಾನೇ ಎಳೆದುಕೊಂಡು ಟಪ್ಪೆಂದು ಕೂರುತ್ತದೆ. ಬಿಚ್ಚಿದ ಅಲಗು ಪಕ್ಕಕ್ಕೆ ಅಲುಗಿದರೆ ರಿವೆಟ್ಟು ಸವೆದಿದೆ ಎಂದರ್ಥ. ತುಸು ಅಲುಗಾಟವನ್ನು ಒಪ್ಪಿಕೊಳ್ಳಬಹುದು. ಸುತ್ತಿಗೆಯಿಂದ ರಿವೆಟ್ಟನ್ನು ಬಡಿದು ಬಿಗಿ ಮಾಡಿದ ಗುರುತಿದ್ದರೆ ಅದನ್ನು ಬಿಡುವುದೇ ಲೇಸು.

ಹಿಡಿಯ ವಿಷಯದಲ್ಲಿ ಕುಶಲತೆಗಿಂತ ಕಾನೂನು ಮುಖ್ಯ. ರಾಜರ್ಸ್ ಸಂಸ್ಥೆ ಆನೆದಂತವನ್ನು ಅಪಾರವಾಗಿ ಬಳಸಿತ್ತು. ಷೆಫೀಲ್ಡಿನ ವ್ಯಾಪಾರಿಗಳು ಇಂಡಿಯನ್ ಸ್ಟ್ಯಾಗ್ ಎಂದು ಕರೆಯುತ್ತಿದ್ದ, ಮೇಲ್ಮೈಯಲ್ಲಿ ಉದ್ದುದ್ದ ಗೆರೆಗಳಿರುವ ಒರಟು ಹಿಡಿಯಂತೂ ನಮ್ಮ ದೇಶದ ಕಡವೆಯ ಕೊಂಬು. ಇಲ್ಲಿಯ ಕಾಡಿನಿಂದ ಹಡಗೇರಿ ಹೋದ ಕೊಂಬು ಚಾಕುವಾಗಿ ಇಲ್ಲಿಗೇ ಮರಳಿದೆ ಎಂಬುದು ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುವ ಸಂಗತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳ ಪ್ರಕಾರ ದಂತದ ವ್ಯಾಪಾರ ನಿಷಿದ್ಧ. ಕಡವೆಯೂ ಆ ಕಾಯ್ದೆಯ ಅನುಸೂಚಿಯಲ್ಲಿರುವ ಪ್ರಾಣಿ. ಆಮೆಚಿಪ್ಪಿನ ಹಿಡಿಯನ್ನೂ ಹೀಗೆಯೇ ದೂರವಿಡಬೇಕು. ಇಂಥವನ್ನು ಕೊಳ್ಳಲೂಬಾರದು, ಮಾರಲೂಬಾರದು. ಮನೆಯಲ್ಲಿ ಮೊದಲಿನಿಂದ ಇದ್ದದ್ದಾದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯಬೇಕು. ದಂತ ಯಾವುದು, ಎಲುಬು ಯಾವುದು ಎಂಬುದನ್ನು ಕಣ್ಣಿನಿಂದಲೇ ಬೇರ್ಪಡಿಸಬಹುದು. ಎಲುಬಿನ ಮೇಲೆ ಸೂಜಿಮೊನೆಯಷ್ಟು ಚಿಕ್ಕ ಕಪ್ಪು ಚುಕ್ಕೆಗಳೂ ಸಣ್ಣ ಗೀರುಗಳೂ ಇರುತ್ತವೆ. ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ಬಾಗುಗೆರೆಗಳು ಬಲೆಯಂತೆ ಕಾಣುತ್ತವೆ. ಸಾಗರ, ಸೊರಬಗಳ ಗುಡಿಗಾರ ಮನೆತನಗಳಲ್ಲಿ ಇದನ್ನು ಮುಟ್ಟಿಯೇ ಹೇಳಬಲ್ಲ ಹಿರಿಯರಿದ್ದಾರೆ. ಎಲುಬು, ಎಮ್ಮೆಯ ಕೊಂಬು, ಕರಿಮರ, ಮುತ್ತಿನ ಚಿಪ್ಪು ಇವುಗಳ ಹಿಡಿಯ ಚಾಕುಗಳೇ ಒಂದು ಸಂಗ್ರಹಕ್ಕೆ ಸಾಕಷ್ಟಾಗುತ್ತವೆ. ನೂರು ವರ್ಷ ಮೀರಿದ ವಸ್ತುಗಳನ್ನು ಹೊರದೇಶಕ್ಕೆ ಕಳುಹಿಸಲು ಖಾಸಗಿಯವರಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅವಕಾಶ ಕೊಡುವುದಿಲ್ಲ ಎಂಬುದೂ ನೆನಪಿರಲಿ.

ಚಾಕುಗಳು ಸಿಗುವುದು ಶಿವಮೊಗ್ಗದ ಗುಜರಿ ಅಂಗಡಿಗಳಲ್ಲಿ, ಹಳೆಯ ಮನೆ ಬಿಚ್ಚುವ ಕಡೆಗಳಲ್ಲಿ, ತೀರ್ಥಹಳ್ಳಿ, ಕೊಪ್ಪದ ಕಡೆಯ ತೋಟದ ಮನೆಗಳ ನಾಗಂದಿಗೆಯ ಮೇಲೆ. ಮನೆಯವರಿಂದ ಕೊಳ್ಳುವಾಗ ವಸ್ತು ಏನೆಂಬುದನ್ನು ಮೊದಲು ಅವರಿಗೇ ತಿಳಿಸಿ, ಬುಡದ ಗುರುತನ್ನು ತೋರಿಸಿ, ಆಮೇಲೆ ಬೆಲೆ ಮಾತಾಡಬೇಕು. ಹಾಗೆ ತಿಳಿಸಿದ ಮೇಲೆ ಕೊಡುವುದಿಲ್ಲವೆಂದು ಒಳಗಿಟ್ಟುಕೊಂಡವರೂ ಇದ್ದಾರೆ. ಆ ಚಾಕುಗಳು ಇರಬೇಕಾದ ಜಾಗದಲ್ಲೇ ಉಳಿದವು.

ಕೊಳ್ಳುವುದಕ್ಕಿಂತ ಕಾಪಾಡುವುದು ನಮ್ಮಲ್ಲಿ ಕಷ್ಟ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ, ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೇ ಬೂಸು ಹಿಡಿಯುವಾಗ ಕಾರ್ಬನ್ ಉಕ್ಕಿನ ಅಲಗು ಒಂದು ವಾರದಲ್ಲಿ ಕೆಂಪಾಗುತ್ತದೆ. ಕೆಂಪು ತುಕ್ಕು ಕಂಡ ಜಾಗಕ್ಕೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಎರಡು ಮೂರು ದಿನ ನೆನೆಸಿ, ಬಿದಿರಿನ ಕಡ್ಡಿಯ ಚಪ್ಪಟೆ ತುದಿಯಿಂದ ಮೆಲ್ಲಗೆ ಕೆರೆದು, ಬಟ್ಟೆಯಿಂದ ಒರೆಸಬೇಕು. ಕಪ್ಪು ಪೊರೆ ಬಂದಾಗ ಕೈ ನಿಲ್ಲಿಸಬೇಕು. ತೆರೆಯದ ಅಲಗಿಗೆ ಇಕ್ಕಳ ಹಾಕದೆ, ಕೀಲಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ನಿಲ್ಲಿಸಿಡಬೇಕು. ಮನೆಯಲ್ಲಿ ಕೈಗೆ ಸಿಗುವ ತೆಂಗಿನೆಣ್ಣೆಯನ್ನು ಹಚ್ಚುವ ಅಭ್ಯಾಸ ಅನೇಕರಿಗಿದೆ. ಅದು ಕೆಲವು ತಿಂಗಳಲ್ಲಿ ಕಮಟಾಗಿ, ಅಂಟುಗಟ್ಟಿ, ಧೂಳು ಹಿಡಿದು ಕೀಲನ್ನೇ ಬಿಗಿಯುತ್ತದೆ. ಎಲುಬಿನ ಹಿಡಿಗೆ ಯಾವ ಎಣ್ಣೆಯೂ ತಾಗಬಾರದು, ಹೀರಿಕೊಂಡು ಕಲೆಯಾಗುತ್ತದೆ. ಚರ್ಮದ ಚೀಲದೊಳಗೆ ಇಡುವುದೂ ಸಲ್ಲ, ಚರ್ಮ ಹದಮಾಡಿದ ರಾಸಾಯನಿಕ ತೇವದೊಡನೆ ಸೇರಿ ಹಿತ್ತಾಳೆಗೆ ಹಸಿರು ಕಿಲುಬು ತರಿಸುತ್ತದೆ. ಒಗೆದೊಗೆದು ಮೆತ್ತಗಾದ ಹತ್ತಿಯ ಪಂಚೆಯ ತುಂಡಿನಲ್ಲಿ ಒಂದೊಂದನ್ನೇ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆರೆದು ನೋಡಬೇಕು. ಒಲೆಯ ಮೇಲಿನ ಹೊಗೆ ಅಟ್ಟ ಒಣಗಿದ ಜಾಗವೆನಿಸಿದರೂ ಹೊಗೆಯ ಹುಳಿಯಂಶ ಲೋಹವನ್ನು ತಿನ್ನುತ್ತದೆ.

ಕೊನೆಯದಾಗಿ, ಪ್ರತಿ ಚಾಕುವಿಗೂ ಪುಸ್ತಕದಲ್ಲಿ ಒಂದು ಪುಟ ಮೀಸಲಿಡಬೇಕು. ಮಡಚಿದಾಗಿನ ಉದ್ದ, ಪ್ರತಿ ಅಲಗಿನ ಬುಡದ ಬರಹ ಇದ್ದದ್ದು ಇದ್ದ ಹಾಗೆ, ಹಿಡಿಯ ವಸ್ತು, ದೊರೆತ ಊರು ಮತ್ತು ದಿನ, ಕೊಟ್ಟವರು ಅದರ ಬಗ್ಗೆ ಹೇಳಿದ ಮಾತು ಇಷ್ಟು ಅಲ್ಲಿರಬೇಕು. ಬುಡದ ಮೇಲೆ ತೆಳುಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪಡೆದ ಪಡಿಯಚ್ಚನ್ನೂ ಅಂಟಿಸಿಡಬಹುದು. ನನ್ನ ಪುಸ್ತಕದ ಮೊದಲ ಪುಟದಲ್ಲಿ ಅಜ್ಜನ ಚಾಕುವಿನದು ಇದೆ: ಮೂರೂಕಾಲು ಅಂಗುಲ, ಎರಡು ಅಲಗು, ಎಮ್ಮೆ ಕೊಂಬಿನ ಹಿಡಿ, ವಿ ಕಿರೀಟ ಆರ್, ಒಳತಗಡಿನಲ್ಲಿ ಸುಣ್ಣ. ಎರಡನೆಯ ಪುಟದಲ್ಲಿ ಸಾಣೆಗೆ ಕೊಟ್ಟದ್ದಿದೆ; ಅದರ ಪಡಿಯಚ್ಚಿನಲ್ಲಿ ಕಿರೀಟವೂ ಆರ್ ಅಕ್ಷರವೂ ಮೂಡಿವೆ, ಎಡಬದಿ ಖಾಲಿಯಿದೆ.